ವಡಾಲದ ಕನ್ನಡ ವಿದ್ಯಾರ್ಥಿಗಳೂ ವಿದ್ಯಾರ್ಥಿವೇತನವೂ



ವಡಾಲದ ಕನ್ನಡಿಗರಿಗೆ ಕಾಲೇಜು ದೂರವಲ್ಲ. ಎಸ್.ಐ.ಡಬ್ಲ್ಯು.ಎಸ್. ಹಾಗೂ ವಿದ್ಯಾಲಂಕಾರ ಇಲ್ಲಿಯೇ ಇವೆ. ರುಯಿಯಾ, ಪೋದ್ದಾರ್, ಖಾಲ್ಸಾ, ವಿ.ಜೆ.ಟಿ.ಐ. ನೆರೆಯ ಮಾಟುಂಗದಲ್ಲಿವೆ. ದೂರವೆನಿಸುವುದು ಶುಲ್ಕ. ಎನ್.ಕೆ.ಇ.ಎಸ್. ಶಾಲೆಯಿಂದ ಹೊರಬಂದ ಹುಡುಗಿಯೊಬ್ಬಳು ಪದವಿಯನ್ನು ಪೂರೈಸುವಳೋ ಅಂಗಡಿಯ ಗಲ್ಲೆಯ ಮುಂದೆ ಕೂರುವಳೋ ಎಂಬುದು ಎಷ್ಟೋ ವೇಳೆ ಸಕಾಲದಲ್ಲಿ ಸಲ್ಲಿಸಿದ ಒಂದು ಅರ್ಜಿಯನ್ನು ಅವಲಂಬಿಸಿರುತ್ತದೆ.

ಮೊದಲು ಕೇಂದ್ರ ಸರ್ಕಾರದ ಯೋಜನೆಯನ್ನು ಗಮನಿಸೋಣ. ಹನ್ನೆರಡನೆಯ ತರಗತಿಯಲ್ಲಿ ಉತ್ತಮ ಫಲಿತಾಂಶ ಪಡೆದು ಪದವಿಗೆ ಸೇರಿದವರಿಗೆ ಮೂರು ವರ್ಷ ತಲಾ ರೂ. 12,000, ಅನಂತರ ಸ್ನಾತಕೋತ್ತರ ಹಂತದಲ್ಲಿ ವರ್ಷಕ್ಕೆ ರೂ. 20,000 ದೊರೆಯುತ್ತದೆ. ಕುಟುಂಬದ ವಾರ್ಷಿಕ ಆದಾಯ ರೂ. 4.5 ಲಕ್ಷವನ್ನು ಮೀರಿರಬಾರದು. ದೇಶದಾದ್ಯಂತ ಪ್ರತಿವರ್ಷ ಗರಿಷ್ಠ 82,000 ಹೊಸ ವೇತನಗಳಿದ್ದು, ಅರ್ಧದಷ್ಟು ವಿದ್ಯಾರ್ಥಿನಿಯರಿಗೆ ಮೀಸಲು. ಇಲ್ಲಿ ಕೇಳುವುದು ಎಂಬತ್ತು ಪರ್ಸೆಂಟೈಲ್, ಶೇಕಡ ಎಂಬತ್ತು ಅಂಕವಲ್ಲ. ತಮ್ಮ ಮಂಡಳಿಯಲ್ಲಿ, ತಮ್ಮ ವಿಭಾಗದಲ್ಲಿ ನೂರರಲ್ಲಿ ಎಂಬತ್ತು ಮಂದಿಗಿಂತ ಮುಂದಿದ್ದರೆ ಸಾಕು. ಅಂಕ ಎಂಬತ್ತಕ್ಕಿಂತ ಕಡಿಮೆಯಿದ್ದರೂ ಅರ್ಹತೆ ಇರಬಹುದು. ಈ ಎರಡು ಪದಗಳ ಗೊಂದಲದಿಂದಲೇ ಅರ್ಜಿ ಹಾಕದೆ ಉಳಿಯುವವರುಂಟು. ಭಾಷಾಂತರದ ವೃತ್ತಿಯಲ್ಲಿರುವ ನನಗೆ ಇದು ಸಣ್ಣ ಸಂಗತಿಯಾಗಿ ತೋರುವುದಿಲ್ಲ. ಅರ್ಜಿಯನ್ನು ರಾಷ್ಟ್ರೀಯ ವಿದ್ಯಾರ್ಥಿವೇತನ ಜಾಲತಾಣದಲ್ಲಿ ಸಲ್ಲಿಸಬೇಕು.

ಮಹಾರಾಷ್ಟ್ರ ಸರ್ಕಾರದ ಯೋಜನೆಗಳು ಮಹಾಡಿಬಿಟಿ ಜಾಲತಾಣದಲ್ಲಿವೆ. ರಾಜರ್ಷಿ ಶಾಹು ಮಹಾರಾಜರ ಹೆಸರಿನ ಶುಲ್ಕ ಯೋಜನೆಯು ರೂ. 8 ಲಕ್ಷದವರೆಗಿನ ಆದಾಯವುಳ್ಳ ಸಾಮಾನ್ಯ ವರ್ಗದವರಿಗೂ ಅನ್ವಯಿಸುತ್ತದೆ. ಆದರೆ ಅಧಿವಾಸ ಪ್ರಮಾಣಪತ್ರ, ಅಂದರೆ ಡೊಮಿಸೈಲ್, ಬೇಕು. ಮನೆಮಾತು ಕನ್ನಡವೆಂಬುದು ಇದಕ್ಕೆ ಅಡ್ಡಿಯಲ್ಲ.

ನಿಜವಾದ ತೊಡಕಿರುವುದು ಪರಿಶಿಷ್ಟ ಜಾತಿಯ ಕುಟುಂಬಗಳಿಗೆ. ರೂ. 2.5 ಲಕ್ಷದೊಳಗಿನ ಆದಾಯದವರಿಗೆ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನವಿದೆ. ಅದನ್ನು ನೀಡಬೇಕಾದುದು ಅರ್ಜಿದಾರರು ಕಾಯಂ ನೆಲೆಸಿರುವ ರಾಜ್ಯ. ಮಹಾರಾಷ್ಟ್ರದ ಜಾತಿ ಪ್ರಮಾಣಪತ್ರಕ್ಕಾದರೋ 1950ರ ಆಗಸ್ಟ್ 10ಕ್ಕೆ ಮುಂಚೆಯೇ ಹಿರಿಯರು ಇಲ್ಲಿ ನೆಲೆಸಿದ್ದರೆಂಬ ದಾಖಲೆ ಬೇಕು. ಇತರ ಹಿಂದುಳಿದ ವರ್ಗದವರಿಗೆ ಆ ದಿನಾಂಕ 1967ರ ಅಕ್ಟೋಬರ್ 13. ವಲಸೆ ಬಂದವರು ಮೂಲ ರಾಜ್ಯದ ಜಾತಿ ಸ್ಥಾನಮಾನವನ್ನು ಹೊಸ ರಾಜ್ಯದಲ್ಲಿ ಕೇಳಲಾಗದೆಂದು ಸರ್ವೋಚ್ಚ ನ್ಯಾಯಾಲಯ 1994ರಲ್ಲಿ ಮಹಾರಾಷ್ಟ್ರದ ಪ್ರಕರಣದಲ್ಲಿಯೇ ತೀರ್ಪಿತ್ತಿತು. ಆದುದರಿಂದ ವಡಾಲದಲ್ಲಿಯೇ ಹುಟ್ಟಿ ಬೆಳೆದ ಮಗುವೂ ಎರಡು ರಾಜ್ಯಗಳ ನಡುವೆ ಸಿಲುಕುವ ಸಂಭವವಿದೆ. ಇದು ಕಠಿಣವೆಂದೇ ನನ್ನ ಅಭಿಪ್ರಾಯ. ಆದರೂ ನಿಯಮ ಹೀಗಿದೆ.

ಇಂಥಲ್ಲಿ ಅಜ್ಜನ ಹಳೆಯ ಕಾಗದವೇ ಆಧಾರ. ಮುಂಬಯಿಯ ಕನ್ನಡ ರಾತ್ರಿಶಾಲೆಯ ಲೀವಿಂಗ್ ಸರ್ಟಿಫಿಕೇಟ್, ಪುರಸಭೆಯ ಜನನ ನೋಂದಣಿ, ಬಂದರಿನಲ್ಲಿಯೋ ಗಿರಣಿಯಲ್ಲಿಯೋ ದುಡಿದ ಸೇವಾಪುಸ್ತಕ, ಇವನ್ನು ಪೆಟ್ಟಿಗೆಯ ತಳದಿಂದ ಹುಡುಕಿ ತೆಗೆಯಿರಿ. ಮಗು ಹತ್ತನೆಯ ತರಗತಿಯಲ್ಲಿರುವಾಗಲೇ ಈ ಕೆಲಸ ಆರಂಭವಾಗಲಿ. ಜಾತಿ ಪ್ರಮಾಣಪತ್ರದ ಬಳಿಕ ಅದರ ಸಿಂಧುತ್ವ ಪರಿಶೀಲನೆಗೂ ಕಾಲ ಹಿಡಿಯುತ್ತದೆ. ಇಲ್ಲಿ ದಾಖಲೆ ದೊರೆಯದಿದ್ದರೆ, ಊರಿನಲ್ಲಿ ಇನ್ನೂ ಮನೆ ಮತ್ತು ಪಡಿತರ ಚೀಟಿ ಉಳ್ಳವರು ಕರ್ನಾಟಕದ ಸಮಾಜ ಕಲ್ಯಾಣ ಇಲಾಖೆಯನ್ನು ವಿಚಾರಿಸಬೇಕು.

ಸಮುದಾಯದ ಸಂಸ್ಥೆಗಳನ್ನೂ ಮರೆಯಬಾರದು. ಕುರ್ಲಾದ ಬಂಟರ ಸಂಘ, ಸಾಂತಾಕ್ರೂಜಿನ ಬಿಲ್ಲವರ ಅಸೋಸಿಯೇಶನ್, ಮೊಗವೀರ ವ್ಯವಸ್ಥಾಪಕ ಮಂಡಳಿ, ಜಿ.ಎಸ್.ಬಿ. ಸ್ಕಾಲರ್‌ಶಿಪ್ ಲೀಗ್ ಮೊದಲಾದವು ವಿದ್ಯಾರ್ಥಿಗಳಿಗೆ ನೆರವು ನೀಡುತ್ತ ಬಂದಿವೆ. ಇವುಗಳ ಪ್ರಕಟಣೆಗಳನ್ನು ಮುಂಬಯಿಯ ಕನ್ನಡ ಪತ್ರಿಕೆಯಲ್ಲಿಯೂ ಸಂಘದ ಕಚೇರಿಯ ಫಲಕದಲ್ಲಿಯೂ ನೋಡಬೇಕು.

ಕೊನೆಯದಾಗಿ ಬ್ಯಾಂಕ್ ಖಾತೆಯ ವಿಷಯ. ಸರ್ಕಾರದ ಹಣ ಆಧಾರ್‌ಗೆ ಜೋಡಣೆಯಾದ ಖಾತೆಗೆ ನೇರವಾಗಿ ಜಮೆಯಾಗುವುದರಿಂದ, ಖಾತೆ ವಿದ್ಯಾರ್ಥಿಯ ಹೆಸರಿನಲ್ಲಿರಲಿ. ಜೋಡಣೆಯಾಗಿದೆಯೇ ಎಂದು ಶಾಖೆಯಲ್ಲಿ ಕೇಳಿ ತಿಳಿಯಿರಿ. ಅರ್ಜಿ ಸಲ್ಲಿಸಿದ ವಾರದೊಳಗೆ ಕಾಲೇಜಿನ ವಿದ್ಯಾರ್ಥಿವೇತನ ಗುಮಾಸ್ತರನ್ನು ಕಂಡು, ಅರ್ಜಿ ಅವರ ಹಂತವನ್ನು ದಾಟಿದೆಯೇ ಎಂದು ವಿಚಾರಿಸಿರಿ. ಮುಂದಿನ ವರ್ಷ ನವೀಕರಣದ ಅರ್ಜಿಯನ್ನು ಮತ್ತೆ ಸಲ್ಲಿಸಬೇಕಾಗುತ್ತದೆ.