ತಡವಾಗಿ ಹಿಡಿಯುವ ಬ್ರೇಕು



ಗಣಿತದ ಪುಸ್ತಕ ಮನೆಯಲ್ಲಿಯೇ ಉಳಿದಿರುತ್ತದೆ. ಶಿಕ್ಷಕರು ಒಂದು ಮಾತು ಆಡುತ್ತಾರೆ. ಹುಡುಗ ಬೆಂಚನ್ನು ಒದ್ದು ಹೊರನಡೆಯುತ್ತಾನೆ. ಅರ್ಧ ಗಂಟೆಯ ಬಳಿಕ ಮೂಲೆಯಲ್ಲಿ ಕುಳಿತು ಅಳುವವನೂ ಅವನೇ. ಮನೆಯಲ್ಲಿ ಅವನಿಗೆ ದೊರೆಯುವ ಬಿರುದು ಹಠಮಾರಿ. ನೆಂಟರ ಬಾಯಲ್ಲಿ, ಮುದ್ದಿನಿಂದ ಕೆಟ್ಟವನು. ಗಮನದ ಕೊರತೆ ಹಾಗೂ ಅತಿಚಟುವಟಿಕೆಯ ಸ್ಥಿತಿಯನ್ನು ವೈದ್ಯರು ಎ.ಡಿ.ಎಚ್.ಡಿ. ಎನ್ನುತ್ತಾರೆ. ಆ ಹೆಸರನ್ನು ಬಲ್ಲವರಲ್ಲಿಯೂ, ಗಮನ ಚೆದುರುವಂತೆ ಭಾವನೆಯೂ ಕಟ್ಟೆಯೊಡೆಯುತ್ತದೆಂದು ಅರಿತವರು ವಿರಳ.

ಲಂಡನ್ನಿನ ಮಕ್ಕಳ ವೈದ್ಯ ಜಾರ್ಜ್ ಸ್ಟಿಲ್ ಅವರು 1902ರ ಉಪನ್ಯಾಸಗಳಲ್ಲಿಯೇ ಇಂಥ ಮಕ್ಕಳ ಅತಿರೇಕದ ಸಿಟ್ಟನ್ನು ವರ್ಣಿಸಿದ್ದರು. ಆದರೆ ಅದನ್ನು ನೈತಿಕ ನಿಯಂತ್ರಣದ ದೋಷವೆಂದು ಕರೆದರು. ಆ ಪದ ಮಾಡಿದ ಗಾಯ ಇನ್ನೂ ಮಾದಿಲ್ಲ. ಅಮೆರಿಕದ ಮನೋವೈದ್ಯರ ಕೈಪಿಡಿಯ 2013ರ ಆವೃತ್ತಿಯಲ್ಲಿಯೂ ಸಿಡುಕು, ಅಸಹನೆಗಳು ಜೊತೆಯಲ್ಲಿ ಕಾಣಬಹುದಾದ ಲಕ್ಷಣಗಳೇ ಹೊರತು ನಿರ್ಣಯದ ಅಳತೆಗೋಲಲ್ಲ.

ರೈಲುಗಾಡಿಯು ಬ್ರೇಕು ಹಾಕಿದ ಕ್ಷಣವೇ ನಿಲ್ಲುವುದಿಲ್ಲ. ಆದುದರಿಂದಲೇ ನಿಲುಗಡೆಯ ಸಿಗ್ನಲಿಗೆ ಬಹಳ ಮುಂಚೆ ಎಚ್ಚರಿಕೆಯ ಸಿಗ್ನಲನ್ನು ನಿಲ್ಲಿಸಿರುತ್ತಾರೆ. ಮಿದುಳಿನಲ್ಲಿ ಈ ಬ್ರೇಕಿನ ಹೊಣೆ ಬಹುಮಟ್ಟಿಗೆ ಹಣೆಯ ಹಿಂದಿನ ಭಾಗದ್ದು. 2007ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಈ ಮಕ್ಕಳ ಮಿದುಳಿನ ಹೊರಪದರ ಪಕ್ವವಾಗುವುದು ಸುಮಾರು 3 ವರ್ಷ ತಡವೆಂದೂ, ಮುಂಭಾಗದಲ್ಲಿ ಆ ವಿಳಂಬ ಹೆಚ್ಚೆಂದೂ ಕಂಡುಬಂದಿತು. ಬೆತ್ತದಿಂದ ಈ ಅಂತರ ಕುಗ್ಗದು.

ಆದುದರಿಂದ ಕೆಲಸವಾಗಬೇಕಾದುದು ಎಚ್ಚರಿಕೆಯ ಸಿಗ್ನಲಿನ ಬಳಿಯಲ್ಲಿ. ಹಸಿವು, ನಿದ್ದೆಗೇಡು, ಆಟದ ನಡುವೆ ಹಠಾತ್ತನೆ ಏಳಿಸುವುದು, ಇವು ಕೆರಳಿಕೆಯ ಪರಿಚಿತ ಮುನ್ಸೂಚನೆಗಳು. ಹತ್ತು ನಿಮಿಷ ಮೊದಲೇ ಒಮ್ಮೆ, ಐದು ನಿಮಿಷ ಮೊದಲು ಮತ್ತೊಮ್ಮೆ ಹೇಳಿದರೆ ಎಷ್ಟೋ ಸಂಜೆಗಳು ಉಳಿಯುತ್ತವೆ. ಸ್ಫೋಟದ ನಡುವೆ ಉಪದೇಶ ಕಿವಿಗೆ ಇಳಿಯದು. ಆಗ ತಗ್ಗಿದ ದನಿ, ಸ್ವಲ್ಪ ದೂರ, ಒಂದು ಲೋಟ ನೀರು ಸಾಕು. ಶಾಂತವಾದ ಮೇಲೆ ತಪ್ಪಿನ ಮಾತು ಆಗಲೇಬೇಕು. ಒದ್ದ ಬೆಂಚನ್ನು ಅವನೇ ಎತ್ತಿ ನಿಲ್ಲಿಸಲಿ. ಕಾರಣ ತಿಳಿಯಿತೆಂದು ಹೊಣೆ ತಪ್ಪುವುದಿಲ್ಲ.

ಮೀಥೈಲ್‌ಫೆನಿಡೇಟ್‌ನಂತಹ ಔಷಧವು ಗಮನಕ್ಕೆ ನೀಡುವಷ್ಟು ನೆರವನ್ನು ಭಾವನೆಯ ಹತೋಟಿಗೆ ಸಾಮಾನ್ಯವಾಗಿ ನೀಡದು. ಹಸಿವು, ನಿದ್ರೆ ಕುಂದಬಹುದಾದುದರಿಂದ ವೈದ್ಯರ ನಿಗಾ ಅಗತ್ಯ.

ಇನ್ನೊಂದು ಸೂಕ್ಷ್ಮ ಸಂಗತಿ: ಈ ಸ್ಥಿತಿ ಹಲವು ಬಾರಿ ವಂಶದಲ್ಲಿ ಹರಿದುಬರುತ್ತದೆ. ಮಗನ ಪರೀಕ್ಷೆಗೆಂದು ಹೋದ ತಂದೆ, ವೈದ್ಯರ ಒಂದೊಂದು ಪ್ರಶ್ನೆಗೂ ತನ್ನ ಬಾಲ್ಯವನ್ನೇ ನೆನೆದು ಮೌನವಾಗುವುದುಂಟು. ಮೇಲಧಿಕಾರಿಯ ಒಂದು ಟೀಕೆಗೆ ರಾಜೀನಾಮೆ ಬರೆದುಕೊಟ್ಟು ರಾತ್ರಿಯೆಲ್ಲ ಪರಿತಪಿಸಿದವರು ಅಂಥವರಲ್ಲಿದ್ದಾರೆ. ಬರೆದ ಪತ್ರವನ್ನು ಮರುದಿನದವರೆಗೆ ಮೇಜಿನೊಳಗಿಡುವ ಅಭ್ಯಾಸ ಅವರಿಗೂ ಬೇಕು. ತಂದೆ, ಮಗ ಒಟ್ಟಿಗೆ ಕೆರಳಿದ ಸಂಜೆ, ಮೊದಲು ಚಪ್ಪಲಿ ಮೆಟ್ಟಿ ಬೀದಿಯ ಕೊನೆಯವರೆಗೆ ನಡೆದುಬರಬೇಕಾದವರು ತಂದೆಯೇ.