ಹಾಡುವ ಪಟಕ್ಕೆ ಹರಿತದ ದಾರ ಬೇಡ
(ಭಾಷಣದ ಪಠ್ಯ)



ಬೇಸಿಗೆಯ ಅಪರಾಹ್ನ ನೆಲ ಕಾದಂತೆ ಕುಂದಾಪುರದ ಕೋಡಿ, ಬೈಂದೂರಿನ ಸೋಮೇಶ್ವರ, ಬ್ರಹ್ಮಾವರದ ಕೋಡಿಬೆಂಗ್ರೆ ತೀರಗಳಿಂದ ಕಡಲಗಾಳಿ ಒಳನಾಡಿನತ್ತ ಬೀಸುತ್ತದೆ. ಆ ಗಾಳಿಯನ್ನೇ ನಾದವಾಗಿಸುವ ಕಲೆಯೊಂದುಂಟು.

ಮಲೇಷ್ಯಾದ ವಾವ್, ಕಾಂಬೋಡಿಯಾದ ಖ್ಲೆಂಗ್ ಏಕ್ ಗಾಳಿಪಟಗಳ ತಲೆಗೆ ಬಿಲ್ಲೊಂದನ್ನು ಕಟ್ಟುತ್ತಾರೆ. ಬಿಲ್ಲಿನ ತುದಿಗಳ ನಡುವೆ ಬಿಗಿದ ತೆಳು ಪಟ್ಟಿಯು ಗಾಳಿಗೆ ಕಂಪಿಸಿ ದುಂಬಿಯಂತೆ ಝೇಂಕರಿಸುತ್ತದೆ. ಪಟ್ಟಿಯನ್ನು ಬಿಗಿದರೆ ಸ್ವರ ಏರುತ್ತದೆ, ಸಡಿಲಿಸಿದರೆ ಇಳಿಯುತ್ತದೆ. ನೆರೆಯ ಜಿಲ್ಲೆಯ 'ಟೀಮ್ ಮಂಗಳೂರು' ತಂಡವು ಯಕ್ಷಗಾನ, ಕಥಕ್ಕಳಿಗಳ ರೂಪವನ್ನು ಗಾಳಿಪಟಕ್ಕೆ ತಂದಿದೆ. ರೂಪದೊಡನೆ ನಾದವನ್ನೂ ಸೇರಿಸುವುದು ಈ ಭಾಗದ ಶಾಲಾಮಕ್ಕಳಿಗೂ ಸಾಧ್ಯ. ಒಣಗಿದ ಬಿದಿರಿನ ಸೀಳು, ಕಾಗದ, ಅಂಟು, ತಾಳೆಗರಿಯ ಪಟ್ಟಿ ಇದ್ದರೆ ಸಾಕು. ಬಿಲ್ಲಿನ ಎರಡೂ ಬದಿಗಳು ಸಮತೂಕವಾಗಿರಬೇಕು. ಇಲ್ಲವಾದರೆ ಪಟ ವಾಲುತ್ತದೆ.

ಮುಖ್ಯ ಪ್ರಶ್ನೆ ದಾರದ್ದು. ಗಾಜಿನ ಪುಡಿ ಸವರಿದ ನೈಲಾನ್ ಮಾಂಜಾ ಮರದಲ್ಲಿ ಸಿಲುಕಿದರೆ ಮಳೆಗಾಲ ಕಳೆದರೂ ಕೊಳೆಯದು. ಹದ್ದು, ಗರುಡ, ಬಾವಲಿಗಳ ರೆಕ್ಕೆಯನ್ನು ಕೊಯ್ಯುತ್ತದೆ. ಆದುದರಿಂದಲೇ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು 2017ರ ಜುಲೈಯಲ್ಲಿ ಕೃತಕ ಮಾಂಜಾವನ್ನು ದೇಶದಾದ್ಯಂತ ನಿಷೇಧಿಸಿತು. ಪಟ ಕಡಿಯುವ ಪಂದ್ಯಕ್ಕೆ ಹರಿತ ಬೇಕಾದೀತು. ಹಾಡುವ ಪಟಕ್ಕೆ ಅದರ ಅಗತ್ಯವೇ ಇಲ್ಲ. ಚಿಕ್ಕ ಪಟಕ್ಕೆ ಹುರಿಮಾಡಿದ ಹತ್ತಿಯ ದಾರ ಸಾಕು. ಅದು ಮಣ್ಣಿಗೆ ಬಿದ್ದರೆ ಮಣ್ಣಾಗುತ್ತದೆ.

ಕೊಯ್ಲು ಮುಗಿದ ಗದ್ದೆಬಯಲಿನಲ್ಲಿ, ವಿದ್ಯುತ್ ತಂತಿ ಮತ್ತು ಹೆದ್ದಾರಿಗಳಿಂದ ದೂರದಲ್ಲಿ ಪಟ ಹಾರಿಸಬೇಕು. ಸಂಜೆ ಹಕ್ಕಿಗಳು ಗೂಡಿಗೆ ಮರಳುವ ಮುನ್ನ ಪಟವನ್ನಿಳಿಸಿ, ದಾರವನ್ನು ಪೂರ್ತಿ ಸುತ್ತಿ ಮನೆಗೆ ಒಯ್ಯಬೇಕು. ಆಕಾಶವು ಹಕ್ಕಿಗಳಿಗೂ ಸೇರಿದ್ದೆಂಬ ಪಾಠ ಇಷ್ಟರಿಂದಲೇ ಆರಂಭವಾಗಲಿ.