ಒಂದು ಗೇಣು ಮಣ್ಣು ಏನು ಹೇಳುತ್ತದೆ?

ಮುಂಗಾರು ಹತ್ತಿರವಾದರೆ ಹಾಸನದ ಕಡೆ ಎಲ್ಲರ ಬಾಯಲ್ಲೂ ಒಂದೇ ಮಾತು: ಜಲಂಧರದ ಬಿತ್ತನೆ ಆಲೂಗಡ್ಡೆ ಈ ಸಲ ಮೂಟೆಗೆ ಎಷ್ಟು? ಗಡ್ಡೆಗೆ ಅಷ್ಟು ದುಡ್ಡು ಹಾಕುತ್ತೇವೆ. ಅದನ್ನು ಊರುವ ಮಣ್ಣನ್ನು ಮಾತ್ರ ಯಾರೂ ವಿಚಾರಿಸುವುದಿಲ್ಲ. ಇವತ್ತು ವಿಚಾರಿಸೋಣ.

ಮೊದಲು ಗಿಡವನ್ನು ನೋಡೋಣ. ನಾವು ತಿನ್ನುವ ಆಲೂಗಡ್ಡೆ ಬೇರಲ್ಲ, ನೆಲದೊಳಗೆ ಊದಿಕೊಂಡ ಕಾಂಡ. ಅದರ ಮೈಮೇಲಿನ ಕಣ್ಣುಗಳೇ ಸಾಕ್ಷಿ. ಗಿಡಕ್ಕೆ ಉಣಿಸುವ ಬೇರುಗಳು ನೂಲಿನಷ್ಟು ಸಣ್ಣವು, ಬಹುಪಾಲು ಮೇಲ್ಮಣ್ಣಿನಲ್ಲೇ ಹರಡಿರುತ್ತವೆ. ಅದಕ್ಕೇ ರಾಗಿ ತಡೆದುಕೊಳ್ಳುವ ಒಣಹವೆಯನ್ನು ಆಲೂಗಡ್ಡೆ ತಡೆಯದು. ನೀರು ನಿಂತರೂ ಕಷ್ಟವೇ, ಬೇರಿಗೆ ಉಸಿರು ಕಟ್ಟುತ್ತದೆ. ಕಿತ್ತ ಗಡ್ಡೆಯ ಸಿಪ್ಪೆ ಮೇಲೆ ಅಕ್ಕಿನುಚ್ಚು ಅಂಟಿದ ಹಾಗೆ ಬಿಳಿ ಚುಕ್ಕೆ ನೋಡಿದ್ದೀರಾ? ಅದು ರೋಗವಲ್ಲ. ಗಾಳಿ ಸಾಲದೆ ಸಿಪ್ಪೆಯ ಉಸಿರುರಂಧ್ರಗಳು ಬಾಯಿಬಿಟ್ಟ ಗುರುತು. ಅಲ್ಲಿಗೆ ಬೇಕಾದ್ದು ಔಷಧಿಯಲ್ಲ, ಬಸಿಗಾಲುವೆ.

ಈಗ ಮಣ್ಣು ಪರೀಕ್ಷೆ. ಬಿತ್ತನೆಗೆ ಒಂದೆರಡು ತಿಂಗಳು ಮುಂಚೆ, ಗೊಬ್ಬರ ಹಾಕುವ ಮೊದಲೇ, ಹೊಲದಲ್ಲಿ ಅಂಕುಡೊಂಕಾಗಿ ನಡೆದು ಎಂಟು ಹತ್ತು ಕಡೆ ಗೇಣು ಆಳದ ಗುಂಡಿ ತೋಡಿ. ಗುಂಡಿಯ ಗೋಡೆಯಿಂದ ಮೇಲಿಂದ ಬುಡದ ತನಕ ಒಂದೇ ದಪ್ಪಕ್ಕೆ ಮಣ್ಣು ಕೆರೆದುಕೊಳ್ಳಿ. ಬದುವಿನ ಪಕ್ಕ, ಮರದ ಕೆಳಗೆ, ತಿಪ್ಪೆಯಿದ್ದ ಜಾಗ ಬೇಡ. ಎಲ್ಲ ಬೆರೆಸಿ, ನೆರಳಲ್ಲಿ ಒಣಗಿಸಿ, ಅರ್ಧ ಕೆಜಿ ಮಣ್ಣು ಪರೀಕ್ಷಾ ಕೇಂದ್ರಕ್ಕೆ ಕಳಿಸಿ. ಗೊಬ್ಬರದ ಖಾಲಿ ಚೀಲಕ್ಕೆ ಮಾತ್ರ ತುಂಬಬೇಡಿ. ಆಮೇಲೆ ವರದಿಯಲ್ಲಿ ಬರುವುದು ನಿಮ್ಮ ಹೊಲದ ಲೆಕ್ಕವಲ್ಲ, ಚೀಲದ್ದು.

ಆ ವರದಿಯೇ 2015ರಲ್ಲಿ ಶುರುವಾದ ಮಣ್ಣು ಆರೋಗ್ಯ ಚೀಟಿ. ಅದರಲ್ಲಿ 12 ಅಂಶಗಳಿರುತ್ತವೆ. ಮೊದಲು ರಸಸಾರ (ಪಿಎಚ್) ನೋಡಿ. ಆಲೂಗಡ್ಡೆಗೆ 5ರಿಂದ 6.5 ಇದ್ದರೆ ಸಾಕು. ಮಣ್ಣು ಹುಳಿಯಾಗಿದೆ ಎಂದು ಬಿತ್ತುವ ಹೊತ್ತಿಗೆ ಸುಣ್ಣ ಎರಚುವವರಿದ್ದಾರೆ. ದಯವಿಟ್ಟು ಬೇಡ. ರಸಸಾರ ಏರಿದರೆ ಗಡ್ಡೆಗೆ ಕಜ್ಜಿ ರೋಗ ಹೆಚ್ಚುತ್ತದೆ. ಸುಣ್ಣ ಬೇಕೇಬೇಕು ಎನ್ನುವಷ್ಟು ಹುಳಿಯಿದ್ದರೆ, ಆಲೂಗಡ್ಡೆ ಕಿತ್ತ ಮೇಲೆ ಮುಂದಿನ ಬೆಳೆಗೆ ಕೊಡಿ.

ಇನ್ನು ಗೊಬ್ಬರ. ಯೂರಿಯಾ ಜಾಸ್ತಿಯಾದರೆ ಸೊಪ್ಪು ಹುಲುಸಾಗುತ್ತದೆ, ಗಡ್ಡೆ ಕಟ್ಟುವುದು ತಡವಾಗುತ್ತದೆ. ದಟ್ಟ ಸೊಪ್ಪಿನೊಳಗೆ ತೇವ ಆರದೆ ಅಂಗಮಾರಿ ರೋಗಕ್ಕೆ ದಾರಿಯಾಗುತ್ತದೆ. ಎಲೆಯಲ್ಲಿ ತಯಾರಾದ ಸಕ್ಕರೆ ಗಡ್ಡೆಗೆ ಇಳಿಯಲು ಪೊಟ್ಯಾಷ್ ಬೇಕು. ನಾವು ಕೈ ಹಿಡಿಯುವುದು ಅಲ್ಲೇ! ರಂಜಕ ಮಣ್ಣಿನಲ್ಲಿ ಹಾಕಿದ ಜಾಗ ಬಿಟ್ಟು ಹೆಚ್ಚು ಸರಿಯದು. ಅದನ್ನು ಗಡ್ಡೆಗೆ ತಾಗದಂತೆ, ಆದರೆ ಹತ್ತಿರದಲ್ಲೇ ಸಾಲಿಗೆ ಹಾಕಿ.

ಕೊನೆಗೆ, ಚೀಟಿಯಲ್ಲಿ ಕಾಣದ ಒಂದು ವಿಷಯ. ನೀರಿದ್ದರೂ ಹಸಿರು ಗಿಡ ಹಠಾತ್ತನೆ ಜೋತುಬಿದ್ದರೆ ಬುಡದ ಹತ್ತಿರ ಕಾಂಡ ಕತ್ತರಿಸಿ, ತಿಳಿನೀರಿನ ಗ್ಲಾಸಿನಲ್ಲಿ ತುದಿ ಮುಳುಗುವಂತೆ ಅಲುಗದೆ ಹಿಡಿಯಿರಿ. ಹಾಲಿನ ಎಳೆಯಂತೆ ಬಿಳಿಯದು ಇಳಿದರೆ ಅದು ದುಂಡಾಣು ಸೊರಗು ರೋಗ. ಆ ಗಿಡವನ್ನು ಮಣ್ಣು, ಗಡ್ಡೆ ಸಮೇತ ಹೊರಗೆ ಸಾಗಿಸಿ. ಆ ತುಂಡು ಹೊಲಕ್ಕೆ ಎರಡು ಮೂರು ವರ್ಷ ರಾಗಿಯೋ ಮುಸುಕಿನ ಜೋಳವೋ ಹಾಕಿ. ಟೊಮೆಟೊ, ಬದನೆ, ಮೆಣಸಿನಕಾಯಿ ಬೇಡ, ಅವಕ್ಕೂ ಇದೇ ರೋಗ ತಗಲುತ್ತದೆ.